ಕಿಟಕಿ ಮುಚ್ಚಿದ ಬಸ್ಸು, ನಮ್ಮ ಉಸಿರು ಮತ್ತು ಮಾಸ್ಕ್

(ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾಲೇಜು ಮಕ್ಕಳ ಎನ್‌ಎಸ್‌ಎಸ್ ಶಿಬಿರದ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಊರಿನವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ಹುಡುಗರಿಗೆ ಫಿಸಿಕ್ಸ್ ಪಾಠ ಮಾಡುವವನು. ಮಾಸ್ಕ್ ಬಗ್ಗೆ ಮಾತಾಡೋಕೆ ಫಿಸಿಕ್ಸ್ ಮೇಷ್ಟ್ರನ್ನು ಯಾಕೆ ಕರೆಸಿದರು ಎಂದು ನಿಮಗೆ ಅನಿಸಿರಬಹುದು. ವೈರಸ್ ಮೈಯೊಳಗೆ ಹೋದ ಮೇಲೆ ಅದು ಡಾಕ್ಟರ ಕೆಲಸ. ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಮೂಗು ಸೇರುವವರೆಗೆ ಅದು ಗಾಳಿಯ ವಿಷಯ. ಅಷ್ಟು ದೂರದ ಬಗ್ಗೆ ನಾನು ಮಾತಾಡಬಹುದು.

ಊಟದ ಹೊತ್ತಿಗೆ ಇಲ್ಲಿಯ ಗೌಡರೊಬ್ಬರು ಕೇಳಿದರು. "ಮೇಷ್ಟ್ರೇ, ಕೊರೊನಾ ಹೋಗಿ ಎಷ್ಟು ಕಾಲ ಆಯ್ತು, ಇನ್ನೂ ಮಾಸ್ಕ್ ಪುರಾಣ ಯಾಕೆ?" ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತು ಅಂದಿತು. ಆದರೆ ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಆಲೂರು ತಾಲ್ಲೂಕಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿದ್ದು ನೆನಪಿದೆಯಾ? ಎಚ್3ಎನ್2 ಎನ್ನುವ ಫ್ಲೂನಿಂದ ಅಲ್ಲಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಆ ಸಲ ದೇಶದಲ್ಲಿ ಮೊದಲು ವರದಿಯಾದ ಸಾವುಗಳಲ್ಲಿ ಅದೂ ಒಂದು. 2025ರ ಜನವರಿಯಲ್ಲಿ ಎಚ್‌ಎಂಪಿವಿ ಎಂದು ಟಿವಿಯವರು ಕೂಗಿದರು. ಅದು 2001ರಲ್ಲೇ ಗುರುತಾದ ಹಳೇ ವೈರಸ್ಸು. ಹೀಗೆ ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಪ್ರತಿ ಸಲವೂ ನಾವು ಮಾಸ್ಕ್ ಬೇಕೋ ಬೇಡವೋ ಎಂದು ಮೊದಲಿನಿಂದ ಜಗಳ ಶುರು ಮಾಡುತ್ತೇವೆ. ಆ ಜಗಳವನ್ನು ಸ್ವಲ್ಪ ಲೆಕ್ಕ ಇಟ್ಟುಕೊಂಡು ಮಾಡೋಣ ಎಂದು ಬಂದಿದ್ದೇನೆ.

ಮೊದಲು ಒಂದು ವಿಷಯ. ಎಲ್ಲ ಕಾಯಿಲೆಗೂ ಮಾಸ್ಕ್ ಅಲ್ಲ. ಕಾಯಿಲೆ ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಬೇಕು.

ಇಲ್ಲಿ ಕೂತಿರುವ ಹಿರಿಯರಿಗೆ ಅವರ ಅಜ್ಜ ಅಜ್ಜಿ ಪ್ಲೇಗ್ ಕಥೆ ಹೇಳಿರುತ್ತಾರೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಆಮೇಲೆ ವರ್ಷಗಟ್ಟಲೆ ಮೈಸೂರು ಸೀಮೆಯ ಊರೂರು ಸುತ್ತಿತು. ಮನೆಯಲ್ಲಿ ಇಲಿ ಬಿತ್ತು ಎಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಪ್ಲೇಗ್ ಹರಡುತ್ತಿದ್ದುದು ಹೆಚ್ಚಾಗಿ ಇಲಿಯ ಮೈಮೇಲಿನ ಚಿಗಟಗಳಿಂದ. ಇಲಿ ಇರುವ ಮನೆ ಬಿಟ್ಟರೆ ಚಿಗಟದಿಂದ ದೂರ ಆದಂತೆ. ನಮ್ಮವರು ವಿಜ್ಞಾನ ಓದದೆ ಸರಿಯಾದ ಕೆಲಸವನ್ನೇ ಮಾಡಿದ್ದರು. ಅಲ್ಲಿ ಮಾಸ್ಕ್ ಹಾಕಿಕೊಂಡು ಮನೆಯೊಳಗೇ ಕೂತಿದ್ದರೆ ಪ್ರಯೋಜನ ಇರಲಿಲ್ಲ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಹಾಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಈಗ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್.ಆರ್. ಪುರದ ಕಡೆ ಬೇಸಿಗೆ ಬಂದರೆ ಅದರದೇ ಭಯ. ಅದೂ ವೈರಸ್ಸೇ. ಆದರೆ ಬರುವುದು ಉಣ್ಣೆ ಕಚ್ಚುವುದರಿಂದ. ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಎಣ್ಣೆ ಕೊಡುವುದು ಅದಕ್ಕೇ. ಡೆಂಗಿಗೂ ಮಾಸ್ಕ್ ಬೇಡ, ಸೊಳ್ಳೆ ನೋಡಿಕೊಳ್ಳಿ.

ಹಾಗಾದರೆ ಕಾಯಿಲೆ ಹರಡುವಾಗ ಜನರೆಲ್ಲ ಮಾಸ್ಕ್ ಕಟ್ಟುವ ರೂಢಿ ಎಲ್ಲಿಂದ ಬಂತು? ಅದೂ ಪ್ಲೇಗ್‌ನಿಂದಲೇ. 1910ರ ಚಳಿಗಾಲದಲ್ಲಿ ಚೀನಾದ ಈಶಾನ್ಯ ಭಾಗದ ಮಂಚೂರಿಯಾದಲ್ಲಿ ಪ್ಲೇಗ್ ಬಂತು. ಹಾರ್ಬಿನ್ ಎನ್ನುವ ಊರಿಗೆ ಸರ್ಕಾರ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರನ್ನು ಕಳಿಸಿತು. ವು ಲಿಯೆನ್-ತೆ ಎಂದು ಅವರ ಹೆಸರು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಡ್ಜ್‌ನಲ್ಲಿ ಓದಿದವರು. ಸತ್ತವರ ಶ್ವಾಸಕೋಶ ನೋಡಿದ ಅವರು, ಇದು ಇಲಿ ಚಿಗಟದ ಪ್ಲೇಗ್ ಅಲ್ಲ, ಉಸಿರಿನಿಂದ ಹರಡುತ್ತಿದೆ ಎಂದರು. ಬಟ್ಟೆ ಮತ್ತು ಹತ್ತಿಯ ಪದರ ಸೇರಿಸಿ ಮುಖಕ್ಕೆ ಕಟ್ಟಿಕೊಳ್ಳಲು ಹೇಳಿದರು. ಅಲ್ಲಿಗೆ ಬಂದಿದ್ದ ಮೆಸ್ನಿ ಎನ್ನುವ ಫ್ರೆಂಚ್ ಡಾಕ್ಟರು ಈ ಮಾತನ್ನು ಒಪ್ಪಲಿಲ್ಲ. ದೊಡ್ಡ ಹೆಸರಿದ್ದವರು, ಹುಡುಗನ ಮಾತು ಯಾಕೆ ಕೇಳಬೇಕು ಅನಿಸಿರಬೇಕು. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗ್‌ನಿಂದ ತೀರಿಕೊಂಡರು. ಆಮೇಲೆ ಊರಿಗೆ ಊರೇ ಮಾಸ್ಕ್ ಕಟ್ಟಿತು. ಆ ಪ್ಲೇಗ್‌ನಲ್ಲಿ ಸುಮಾರು 60 ಸಾವಿರ ಜನ ಸತ್ತರು. ಮಾಸ್ಕ್ ಒಂದರಿಂದಲೇ ಅದು ನಿಂತಿತು ಎಂದು ನಾನು ಹೇಳಲ್ಲ. ಜನರ ಓಡಾಟ ತಡೆದರು, ರೈಲು ನಿಲ್ಲಿಸಿದರು, ಹೆಣಗಳನ್ನು ಸುಟ್ಟರು. ಎಲ್ಲ ಸೇರಿ ನಿಂತಿತು.

ಈಗ ನಮ್ಮ ಊರಿನ ಗಾಳಿಗೆ ಬರೋಣ. 2020ರ ಮೇ ತಿಂಗಳವರೆಗೂ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯದಲ್ಲಿದ್ದವು, ಅಂದರೆ ಕೊರೊನಾ ಕೇಸು ಇರಲಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ನಮ್ಮದು ಮಲೆನಾಡು, ಒಳ್ಳೆ ಗಾಳಿ, ನಮಗೇನೂ ಬರಲ್ಲ. ಗಾಳಿ ಒಳ್ಳೆಯದೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಒಳ್ಳೆ ಗಾಳಿಯನ್ನು ನಾವು ಒಳಗೆ ಬಿಡುತ್ತೇವಾ?

ಮಳೆಗಾಲದ ಮೂಡಿಗೆರೆ ಬಸ್ಸು ನೆನಪು ಮಾಡಿಕೊಳ್ಳಿ. ಹಾನುಬಾಳು ದಾಟುವ ಹೊತ್ತಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿರುತ್ತದೆ. ಎಲ್ಲ ಕಿಟಕಿ ಬಂದ್. ಎಲ್ಲೋ ಒಂದು ಕಿಟಕಿ ಗ್ಲಾಸು ಜಾಮ್ ಆಗಿ ತೆರೆದಿದ್ದರೆ ಅಲ್ಲಿ ಕೂತವರು ಕೊಡೆಯನ್ನೇ ಅಡ್ಡ ಹಿಡಿದಿರುತ್ತಾರೆ. ನಿಂತವರು, ಕೂತವರು, ಶಾಲೆ ಮಕ್ಕಳು, ಒದ್ದೆ ಕೊಡೆ, ಒದ್ದೆ ಚೀಲ. ಸ್ವಲ್ಪ ಹೊತ್ತಿಗೆ ಗ್ಲಾಸಿನ ಒಳಮೈ ಮಂಜಾಗುತ್ತದೆ. ಮಕ್ಕಳು ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯುತ್ತಾರೆ. ಆ ನೀರಿನಲ್ಲಿ ಒದ್ದೆ ಬಟ್ಟೆಯಿಂದ ಬಂದದ್ದು ಒಂದಷ್ಟು. ಉಳಿದದ್ದು ನಮ್ಮೆಲ್ಲರ ಶ್ವಾಸಕೋಶದಿಂದ ಬಂದದ್ದು. ಒಬ್ಬರು ಬಿಟ್ಟ ಉಸಿರು ಬಸ್ಸಿನಲ್ಲೇ ಉಳಿದುಕೊಂಡಿದೆ ಎನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದನ್ನು ಅಳೆಯಬಹುದು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷದಲ್ಲಿ ಸುಮಾರು 420 ಭಾಗ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಭಾಗ. ಒಂದು ಕೋಣೆಯ ಗಾಳಿಯಲ್ಲಿ 1,220 ಭಾಗ ಇದ್ದರೆ, ಜಾಸ್ತಿಯಾದ 800 ಭಾಗ ಜನರ ಉಸಿರಿನದು. 800ನ್ನು 40,000ದಿಂದ ಭಾಗಿಸಿ. ಶೇಕಡಾ 2 ಬರುತ್ತದೆ. ಅಂದರೆ ನೀವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಈಗಾಗಲೇ ಇನ್ನೊಬ್ಬರ ಎದೆಯೊಳಗೆ ಹೋಗಿ ಬಂದ ಗಾಳಿ. ಮುಖ ಸಿಂಡರಿಸಬೇಡಿ. ಆರೋಗ್ಯವಾಗಿದ್ದವರ ಉಸಿರಾದರೆ ಅದರಿಂದ ತೊಂದರೆ ಇಲ್ಲ. ಆದರೆ ಬಸ್ಸಿನಲ್ಲಿ ಒಬ್ಬರಿಗೆ ಫ್ಲೂ ಇದ್ದರೆ?

ಕೆಮ್ಮಿದಾಗ ಮಾತ್ರ ಹನಿ ಹಾರುತ್ತದೆ ಎಂದುಕೊಂಡಿದ್ದೇವೆ. ಮಾತಾಡುವಾಗಲೂ, ಸುಮ್ನೆ ಉಸಿರಾಡುವಾಗಲೂ ಸಣ್ಣ ಕಣಗಳು ಹೊರಗೆ ಬರುತ್ತವೆ. ದೊಡ್ಡ ಹನಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿದ್ದರೆ, ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತದೆ. ಐದು ಮೈಕ್ರಾನ್ ಕಣ, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗ, ಅಲುಗಾಡದ ಗಾಳಿಯಲ್ಲಿ ನಮ್ಮ ಬಾಯಿಯ ಎತ್ತರದಿಂದ ನೆಲ ಮುಟ್ಟಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಒಂದು ಮೈಕ್ರಾನ್ ಕಣಕ್ಕೆ ಹನ್ನೆರಡು ಗಂಟೆ ಬೇಕು. ಅಷ್ಟರಲ್ಲಿ ಬಸ್ಸು ಮೂಡಿಗೆರೆಗೆ ಹೋಗಿ ವಾಪಸ್ಸೂ ಬಂದಿರುತ್ತದೆ.

ಹಾಡಿದರೆ ಇನ್ನೂ ಜಾಸ್ತಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎನ್ನುವಲ್ಲಿ ಒಂದು ಗಾಯಕರ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಮಾಸ್ಕ್ ಇರಲಿಲ್ಲ. ಬಂದಿದ್ದ 61 ಜನರಲ್ಲಿ 53 ಮಂದಿಗೆ ಕೋವಿಡ್ ಬಂತು, ಇಬ್ಬರು ಸತ್ತರು. ನಮ್ಮ ಭಜನೆ ಮನೆಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಸ್ವಲ್ಪ ಗಾಬರಿಯಾಗುತ್ತದೆ. ಭಜನೆ ನಿಲ್ಲಿಸಿ ಅನ್ನಲ್ಲ. ಕಿಟಕಿ ತೆಗೆದಿಡಿ.

ಇಷ್ಟೆಲ್ಲ ಗೊತ್ತಿದ್ದೂ ಶುರುವಿನಲ್ಲಿ ದೊಡ್ಡವರು ಮಾಸ್ಕ್ ಬೇಡ ಅಂದಿದ್ದು ಯಾಕೆ? ಅದನ್ನೂ ಹೇಳಬೇಕು, ಯಾಕೆಂದರೆ ಜನರ ನಂಬಿಕೆ ಕೆಟ್ಟಿದ್ದು ಅಲ್ಲೇ. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದು ಗಾಳಿಯಿಂದ ಹರಡುವ ಕಾಯಿಲೆ ಅಲ್ಲ ಎಂದೇ ಸಾರಿತು. ಆಸ್ಪತ್ರೆಯವರಿಗೇ ಮಾಸ್ಕ್ ಸಾಲುತ್ತಿಲ್ಲ ಎನ್ನುವ ಭಯವೂ ಇತ್ತು. ಏಪ್ರಿಲ್ ಮೊದಲ ವಾರ ನಮ್ಮ ಕೇಂದ್ರ ಆರೋಗ್ಯ ಇಲಾಖೆ ಮನೆಯಲ್ಲೇ ಹೊಲಿದ ಮಾಸ್ಕ್ ಹಾಕಿಕೊಳ್ಳಿ ಎಂದಿತು. ಜನರೆಲ್ಲ ಹಾಕಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಜೂನ್ 5ಕ್ಕೆ. ಗಾಳಿಯ ವಿಷಯ ಸರಿಯಾಗಿ ಒಪ್ಪಿಕೊಂಡಿದ್ದು 2021ರಲ್ಲಿ. ಅಷ್ಟು ಹೊತ್ತು ಜನ ತರಕಾರಿಗೆ ಸೋಪು ಹಾಕಿ ತೊಳೆಯುತ್ತ, ಕಿಟಕಿ ಮುಚ್ಚಿ ಕೂತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರಿಗೂ ಸಾಲುವಷ್ಟು ಮಾಸ್ಕ್ ಇಲ್ಲ, ಅದಕ್ಕೇ ಈಗ ಬೇಡ ಎಂದು ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು.

ಈಗ ನನ್ನ ಇಷ್ಟದ ಭಾಗ. "ವೈರಸ್ಸು ಅಷ್ಟು ಚಿಕ್ಕದು, ಬಟ್ಟೆಯ ತೂತು ಅಷ್ಟು ದೊಡ್ಡದು, ಅದು ಹೇಗೆ ತಡೆಯುತ್ತೆ?" ಓದಿದವರೇ ಕೇಳುತ್ತಾರೆ. ಮೊದಲನೆಯದು, ವೈರಸ್ಸು ಒಂಟಿಯಾಗಿ ಹಾರಾಡುವುದಿಲ್ಲ. ಎಂಜಲು, ಲೋಳೆ ಸೇರಿದ ಕಣದೊಳಗೆ ಕೂತಿರುತ್ತದೆ. ಎರಡನೆಯದು, ಮಾಸ್ಕ್ ಜರಡಿಯ ಹಾಗೆ ಕೆಲಸ ಮಾಡುವುದಿಲ್ಲ. ಕಾಫಿ ತೋಟದ ಅಂಚಿನ ಒತ್ತಾದ ಲಂಟಾನ ಪೊದೆಯಲ್ಲಿ ನುಗ್ಗಿದ್ದೀರಲ್ಲ? ಪೊದೆಯಲ್ಲಿ ನಿಮಗಿಂತ ದೊಡ್ಡ ಸಂದುಗಳಿದ್ದರೂ ಎಲ್ಲೋ ಒಂದು ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮಾಸ್ಕ್‌ನೊಳಗಿನ ನಾರುಗಳೂ ಹಾಗೆ ಒಂದರ ಹಿಂದೆ ಒಂದು ಅಡ್ಡಾದಿಡ್ಡಿ ಇರುತ್ತವೆ. ದೊಡ್ಡ ಕಣ ತಿರುವಿನಲ್ಲಿ ತಿರುಗಲಾಗದೆ ನಾರಿಗೆ ಹೊಡೆದು ಅಂಟಿಕೊಳ್ಳುತ್ತದೆ. ತೀರಾ ಚಿಕ್ಕ ಕಣ ನೆಟ್ಟಗೆ ಹೋಗುವುದೇ ಇಲ್ಲ. ಗಾಳಿಯ ಅಣುಗಳು ಅದನ್ನು ಆ ಕಡೆ ಈ ಕಡೆ ತಳ್ಳುತ್ತ ಇರುತ್ತವೆ, ಹಾಗೆ ಓಲಾಡುತ್ತ ಯಾವುದೋ ನಾರಿಗೆ ಬಡಿಯುತ್ತದೆ. ಹಿಡಿಯಲು ಕಷ್ಟ ಆಗುವುದು ನಡುವಿನ ಗಾತ್ರದ್ದು, ಸುಮಾರು 0.3 ಮೈಕ್ರಾನಿನದು. ಎನ್95 ಎನ್ನುವ ಬಿಗಿಯಾದ ಮಾಸ್ಕನ್ನು ಅಳೆಯುವುದು ಬೇಕೆಂದೇ ಆ ಗಾತ್ರದ ಕಣಗಳಿಂದ. ಅಲ್ಲೂ ನೂರಕ್ಕೆ 95ನ್ನು ಹಿಡಿಯಬೇಕು. ಅದಕ್ಕೇ ಆ ಹೆಸರು.

ಬಟ್ಟೆಗೆ ಇಲ್ಲದ ಇನ್ನೊಂದು ಶಕ್ತಿ ಎನ್95ಗೆ ಇದೆ. ಒಣ ಕೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ನೀವೆಲ್ಲ ಆಡಿದ್ದೀರಿ. ಅದೇ ವಿದ್ಯುತ್ತನ್ನು ಪಾಲಿಪ್ರೊಪಿಲೀನ್ ಎನ್ನುವ ಪ್ಲಾಸ್ಟಿಕ್ಕಿನ ನಾರುಗಳಲ್ಲಿ ಕೂರಿಸುತ್ತಾರೆ. ಪಕ್ಕದಲ್ಲಿ ಹೋಗುವ ಕಣವನ್ನು ನಾರು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತೈವಾನ್ ಮೂಲದ ಪೀಟರ್ ತ್ಸಾಯ್ ಎನ್ನುವ ವಿಜ್ಞಾನಿ ಈ ವಿಧಾನಕ್ಕೆ ಹೆಸರಾದವರು. ಇದರಿಂದಾಗಿ ಪದರ ತೆಳ್ಳಗಿದ್ದರೂ, ಉಸಿರಾಡಲು ಸಲೀಸಾಗಿದ್ದರೂ ಹಿಡಿತ ಜಾಸ್ತಿ. ಎನ್95ನ್ನು ಸೋಪು ಹಾಕಿ ತೊಳೆಯಬಾರದು, ಸ್ಯಾನಿಟೈಸರ್ ಹೊಡೆಯಬಾರದು ಎನ್ನುವುದು ಇದೇ ಕಾರಣಕ್ಕೆ. ನೋಡಲು ಹಾಗೇ ಇರುತ್ತದೆ, ಒಳಗಿನ ವಿದ್ಯುತ್ತು ಹೋಗಿರುತ್ತದೆ.

ಆದರೆ ಎಂಥ ಮಾಸ್ಕ್ ಆದರೂ ಗಾಳಿ ಸುಲಭದ ದಾರಿ ಹುಡುಕುತ್ತದೆ. ಕೆನ್ನೆಯ ಪಕ್ಕ ಸಂದು ಇದ್ದರೆ ಅಲ್ಲಿಂದಲೇ ಹೋಗುತ್ತದೆ. ಕನ್ನಡಕ ಹಾಕುವವರಿಗೆ ಪರೀಕ್ಷೆ ಸುಲಭ. ಗ್ಲಾಸು ಮಂಜಾಯಿತು ಎಂದರೆ ಮೂಗಿನ ಹತ್ತಿರ ಸೋರುತ್ತಿದೆ, ತಂತಿ ಒತ್ತಿಕೊಳ್ಳಿ. ಮೆಡಿಕಲ್ ಶಾಪಿನ ನೀಲಿ ಸರ್ಜಿಕಲ್ ಮಾಸ್ಕ್ ಆದರೆ ಕಿವಿಯ ದಾರಕ್ಕೆ ಮಾಸ್ಕ್‌ನ ಬುಡದಲ್ಲಿ ಒಂದು ಗಂಟು ಹಾಕಿ ಪಕ್ಕದ ಮಡಿಕೆ ಒಳಗೆ ತೂರಿಸಿ, ಸಂದು ಎಷ್ಟೋ ಮುಚ್ಚುತ್ತದೆ. ಗಲ್ಲಕ್ಕೆ ಹಾಕಿಕೊಂಡು ಪೊಲೀಸರನ್ನು ಕಂಡಾಗ ಮೇಲೆ ಎಳೆದುಕೊಳ್ಳುವ ಪದ್ಧತಿ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ, ಎಲ್ಲರೂ ನಗುತ್ತಿದ್ದೀರಿ.

ಈಗ ಯಾರು ಹಾಕಿಕೊಳ್ಳಬೇಕು ಎನ್ನುವ ವಿಷಯ. ನಾವೆಲ್ಲ ನಮ್ಮ ರಕ್ಷಣೆಗೆ ಎಂದುಕೊಳ್ಳುತ್ತೇವೆ. ಸಾಧಾರಣ ಮಾಸ್ಕ್ ಜಾಸ್ತಿ ಉಪಯೋಗಕ್ಕೆ ಬರುವುದು ಕಾಯಿಲೆ ಇರುವವರ ಮುಖದ ಮೇಲೆ. ಹೊರಟಲ್ಲೇ ಹಿಡಿದರೆ ಗಾಳಿಗೆ ಸೇರುವುದೇ ಕಡಿಮೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಒಂದು ಚಂದದ ಪ್ರಯೋಗ ಮಾಡಿದರು, ಫಲಿತಾಂಶ 2012ರಲ್ಲಿ ಬಂತು. ಅದು ವೈರಸ್ ಅಲ್ಲ, ಟಿಬಿ. ಆದರೆ ಅದೂ ಉಸಿರಿನ ದಾರಿಯದ್ದೇ. ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು ಗಿನಿಯಿಲಿಗಳ ಎರಡು ಕೋಣೆಗೆ ಬಿಟ್ಟರು. ರೋಗಿಗಳು ಒಂದು ದಿನ ಸರ್ಜಿಕಲ್ ಮಾಸ್ಕ್ ಹಾಕಿಕೊಂಡರೆ ಆ ದಿನದ ಗಾಳಿ ಒಂದು ಕೋಣೆಗೆ. ಮಾರನೇ ದಿನ ಮಾಸ್ಕ್ ಇಲ್ಲ, ಆ ಗಾಳಿ ಇನ್ನೊಂದು ಕೋಣೆಗೆ. ಪ್ರತಿ ಕೋಣೆಯಲ್ಲಿ 90 ಗಿನಿಯಿಲಿ. ಮಾಸ್ಕ್ ಇಲ್ಲದ ದಿನಗಳ ಗಾಳಿ ಕುಡಿದವುಗಳಲ್ಲಿ 69ಕ್ಕೆ ಸೋಂಕು ತಗುಲಿತು. ಮಾಸ್ಕ್ ಹಾಕಿದ ದಿನಗಳ ಗಾಳಿಯಲ್ಲಿ 36ಕ್ಕೆ. ಗಮನಿಸಿ, ಸೊನ್ನೆ ಆಗಲಿಲ್ಲ. ಆದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಮನುಷ್ಯರ ಕಥೆಯೂ ಒಂದಿದೆ. 2020ರ ಮೇ ತಿಂಗಳು, ಅಮೆರಿಕದ ಮಿಸೌರಿಯ ಒಂದು ಸಲೂನು. ಕೆಲಸ ಮಾಡುತ್ತಿದ್ದ ಇಬ್ಬರಿಗೆ ಕೋವಿಡ್ ಬಂದಿತ್ತು. ಗೊತ್ತಾಗುವ ಮೊದಲು 139 ಜನರಿಗೆ ಕೂದಲು ಕತ್ತರಿಸಿದ್ದರು. ಇಬ್ಬರೂ ಮಾಸ್ಕ್ ಹಾಕಿದ್ದರು, ಬಂದ ಗಿರಾಕಿಗಳಲ್ಲೂ ಹೆಚ್ಚುಕಡಿಮೆ ಎಲ್ಲರೂ ಹಾಕಿದ್ದರು. ಆ 139ರಲ್ಲಿ ಯಾರಿಗೂ ಲಕ್ಷಣ ಕಾಣಲಿಲ್ಲ, ಪರೀಕ್ಷೆಗೆ ಒಪ್ಪಿದ 67 ಜನರಲ್ಲಿ ಯಾರಿಗೂ ಸೋಂಕಿರಲಿಲ್ಲ. ಆದರೆ ಕೂದಲು ಕತ್ತರಿಸಿದ ಆ ಇಬ್ಬರಲ್ಲಿ ಒಬ್ಬರ ಹತ್ತಿರದ ಬಳಗದ ನಾಲ್ವರಿಗೆ ಕೋವಿಡ್ ಬಂತು. ಒಂದು ಸಲೂನಿನಿಂದ ಎಲ್ಲ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೂ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಮುಖ ಎಷ್ಟು ಹತ್ತಿರ ಇರುತ್ತದೆ ಯೋಚನೆ ಮಾಡಿ.

ಇನ್ನು ಮಾಸ್ಕ್ ಕೆಲಸಕ್ಕೆ ಬರಲ್ಲ ಎನ್ನುವವರ ಮಾತು. ಅದನ್ನು ತಳ್ಳಿಹಾಕಬಾರದು. ಡೆನ್ಮಾರ್ಕ್‌ನಲ್ಲಿ ಸುಮಾರು 6,000 ಜನರ ಮೇಲೆ ಪ್ರಯೋಗ ಮಾಡಿದಾಗ ಮಾಸ್ಕ್ ಗುಂಪಿನಲ್ಲಿ ಶೇ. 1.8, ಇನ್ನೊಂದು ಗುಂಪಿನಲ್ಲಿ ಶೇ. 2.1 ಜನರಿಗೆ ಸೋಂಕು ಬಂತು. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು. 2023ರಲ್ಲಿ ಕಾಕ್ರೇನ್ ಎನ್ನುವ ಹೆಸರಾಂತ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ದೊಡ್ಡ ಲಾಭ ಕಾಣಲಿಲ್ಲ. ಮಾಸ್ಕ್ ದಂಡ ಎಂದು ಸಾಬೀತಾಯಿತು ಎಂದು ಸುದ್ದಿ ಹಬ್ಬಿತು. ಆಮೇಲೆ ಆ ಸಂಸ್ಥೆಯ ಮುಖ್ಯ ಸಂಪಾದಕರೇ, ನಮ್ಮ ವರದಿಯಿಂದ ಹಾಗೆ ತೀರ್ಮಾನಿಸುವುದು ತಪ್ಪು, ಸಿಕ್ಕ ಪುರಾವೆಯಲ್ಲಿ ಖಚಿತವಾಗಿ ಹೇಳಲಾಗದು ಎಂದು ತಿಳಿಸಿದರು. ಇಂಥ ಪ್ರಯೋಗಗಳಲ್ಲಿ ಅಳೆಯುವುದು ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳಿದರೆ ಏನಾಗುತ್ತದೆ ಎಂದು. ಹೇಳಿಸಿಕೊಂಡವರಲ್ಲಿ ಎಷ್ಟೋ ಜನ ಹಾಕಿಕೊಳ್ಳುವುದೇ ಇಲ್ಲ. ಔಷಧ ಕುಡಿಯದವರನ್ನೂ ಲೆಕ್ಕಕ್ಕೆ ಸೇರಿಸಿದ ಹಾಗಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬಾಂಗ್ಲಾದೇಶದ ಪ್ರಯೋಗ. ನಮ್ಮಂಥದೇ ಹಳ್ಳಿಗಳು, 600 ಹಳ್ಳಿ, ಮೂರು ಲಕ್ಷಕ್ಕಿಂತ ಹೆಚ್ಚು ಜನ. ಅರ್ಧ ಹಳ್ಳಿಗಳಲ್ಲಿ ಮನೆ ಬಾಗಿಲಿಗೇ ಹೋಗಿ ಪುಕ್ಕಟೆ ಮಾಸ್ಕ್ ಕೊಟ್ಟರು. ಊರಿನ ಹಿರಿಯರು, ಮಸೀದಿಯ ಇಮಾಮರು ತಾವು ಹಾಕಿಕೊಂಡು ತೋರಿಸಿದರು. ಸಂತೆಯಲ್ಲಿ ಹಾಕದೆ ಬಂದವರಿಗೆ ನಯವಾಗಿ ನೆನಪಿಸಿದರು. ಮಾಸ್ಕ್ ಹಾಕುವವರು ಶೇ. 13ರಿಂದ 42ಕ್ಕೆ ಏರಿದರು. ಅಷ್ಟಕ್ಕೇ, ಅರ್ಧ ಜನವೂ ಹಾಕದಿದ್ದರೂ, ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಕಂಡು ರಕ್ತಪರೀಕ್ಷೆಯಲ್ಲೂ ಖಚಿತವಾದ ಕೋವಿಡ್ ಸುಮಾರು ಶೇ. 11ರಷ್ಟು ಕಡಿಮೆ ಆಯಿತು. 60 ದಾಟಿದವರಲ್ಲಿ ಶೇ. 35ರಷ್ಟು. ಬಟ್ಟೆ ಮಾಸ್ಕ್‌ನಲ್ಲಿ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಮೊಬೈಲಿಗೆ ಮೆಸೇಜು ಕಳಿಸಿದ್ದರಿಂದ, ದುಡ್ಡಿನ ಆಸೆ ತೋರಿಸಿದ್ದರಿಂದ ಹೆಚ್ಚಿನ ಉಪಯೋಗ ಆಗಲಿಲ್ಲ.

ನಮ್ಮಲ್ಲಿ ಏನು ಮಾಡಿದೆವು? ದಂಡ ಹಾಕಿದೆವು. 2020ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ 1,000 ರೂಪಾಯಿ ಎಂದರು, ಜನ ಗಲಾಟೆ ಮಾಡಿದ ಮೇಲೆ 250ಕ್ಕೆ ಇಳಿಸಿದರು. ಬಯಲಿನಲ್ಲಿ ಒಬ್ಬನೇ ಬೈಕಿನಲ್ಲಿ ಹೋಗುವವನಿಗೆ ದಂಡ ಬೀಳುತ್ತಿತ್ತು. ಕಿಟಕಿ ಮುಚ್ಚಿದ ಆಫೀಸಿನಲ್ಲಿ ಎಲ್ಲರೂ ಮಾಸ್ಕ್ ತೆಗೆದು ಟೀ ಕುಡಿಯುತ್ತಿದ್ದರು. ಹೊರಗಿನ ಗಾಳಿಯಲ್ಲಿ ಅಪಾಯ ತೀರಾ ಕಡಿಮೆ. ನಾನು ತೋಟದಲ್ಲಿ, ರಸ್ತೆಯಲ್ಲಿ ಓಡಾಡುವಾಗ ಹಾಕಿಕೊಳ್ಳಲ್ಲ. ಶೀತ ಕೆಮ್ಮು ಬಂದಾಗ ಹಾಕಿಕೊಳ್ಳುತ್ತೇನೆ. ಆಸ್ಪತ್ರೆಗೆ ಹೋದಾಗ, ಫ್ಲೂ ಓಡಾಡುವ ಕಾಲದಲ್ಲಿ ತುಂಬಿದ ಬಸ್ಸಿನಲ್ಲಿ, ಹಾಸನಾಂಬೆ ದರ್ಶನದ ಸಾಲು ಒಳಗಿನ ಇಕ್ಕಟ್ಟಿಗೆ ಬಂದಾಗ, ವಯಸ್ಸಾದವರ ಕೋಣೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ. ನನ್ನ ಲೆಕ್ಕ ಅಷ್ಟೇ. ನಿಮ್ಮಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಕೆಲಸಕ್ಕೆ ಹೋಗುವ ತಾಯಂದಿರು ದೂಳಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರಿ. ಅದಕ್ಕೆ ಯಾರೂ ದಂಡ ಹಾಕಿಲ್ಲ. ದೂಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಕಟ್ಟಿಕೊಳ್ಳುತ್ತೀರಿ.

ಇನ್ನು ಕೇಳಿದ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು: "ಸಾರ್, ಮಾಸ್ಕ್ ಹಾಕಿದರೆ ಆಕ್ಸಿಜನ್ ಕಡಿಮೆ ಆಗಲ್ವಾ?" ಇಲ್ಲಮ್ಮ. ಆಕ್ಸಿಜನ್ ಅಣು ವೈರಸ್ಸಿಗಿಂತ ನೂರಾರು ಪಾಲು ಚಿಕ್ಕದು, ಆರಾಮಾಗಿ ಓಡಾಡುತ್ತದೆ. ಆಪರೇಷನ್ ಮಾಡುವ ಡಾಕ್ಟರು ಗಂಟೆಗಟ್ಟಲೆ ಹಾಕಿಕೊಂಡೇ ಇರುತ್ತಾರೆ. ಸೆಕೆ ಆಗುತ್ತದೆ, ಕಿರಿಕಿರಿ ಆಗುತ್ತದೆ, ಅದು ನಿಜ. ಉಬ್ಬಸ, ಎದೆರೋಗ ಜೋರಾಗಿ ಇರುವವರು ಬಿಗಿಯಾದ ಎನ್95 ಹಾಕಿಕೊಳ್ಳುವ ಮೊದಲು ಡಾಕ್ಟರನ್ನು ಕೇಳಲಿ. ಐದು ವರ್ಷದೊಳಗಿನ ಮಕ್ಕಳಿಗೆ ಬೇಡ.

"ಮುಂದೆ ಬಟನ್ ಇರುವ ಮಾಸ್ಕ್ ಒಳ್ಳೇದಾ?" ಅದು ಬಟನ್ ಅಲ್ಲ, ವಾಲ್ವ್. ಒಳಗೆ ಬರುವ ಗಾಳಿ ಸೋಸಿ ಬರುತ್ತದೆ, ಹೊರಗೆ ಹೋಗುವ ಉಸಿರು ಸೋಸದೆ ಹೋಗುತ್ತದೆ. ದೂಳಿನ ಕೆಲಸಕ್ಕೆ ಸರಿ. ನಿಮಗೇ ಕಾಯಿಲೆ ಇದ್ದರೆ ಪಕ್ಕದವರಿಗೆ ಉಪಯೋಗ ಇಲ್ಲ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಇದನ್ನೇ ಹೇಳಿತ್ತು.

ಹಿಂದೆ ಕೂತಿದ್ದ ಅಜ್ಜಿಯೊಬ್ಬರು, ಕಿವಿ ಸರಿಯಾಗಿ ಕೇಳದವರು, "ನೀವೆಲ್ಲ ಬಾಯಿ ಮುಚ್ಚಿಕೊಂಡರೆ ನನಗೆ ಏನೂ ತಿಳಿಯಲ್ಲಪ್ಪಾ" ಅಂದರು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ತುಟಿ ನೋಡಿ ಮಾತು ಹಿಡಿಯುವವರಿಗೆ ಮಾಸ್ಕ್ ನಿಜವಾಗಿ ಕಷ್ಟ. ಜಗುಲಿಗೆ ಬಂದು ಕೂತು, ಸ್ವಲ್ಪ ದೂರದಿಂದ, ಮಾಸ್ಕ್ ತೆಗೆದು ಮಾತಾಡಿ ಎಂದೆ. ಹೊರಗಿನ ಗಾಳಿ ಇದ್ದಲ್ಲಿ ಅದು ಸಾಕು.

ಕೊನೆಗೆ ಅದೇ ಗೌಡರು: "ನಮ್ಮ ಬೀರುವಿನಲ್ಲಿ ಆಗಿನ ಮಾಸ್ಕು ಒಂದು ರಾಶಿ ಇದೆ, ಈಗ ಹಾಕಬಹುದಾ?" ಮೊದಲು ದಾರ ಎಳೆದು ನೋಡಿ. ಇಲಾಸ್ಟಿಕ್ ಸಡಿಲಾಗಿದ್ದರೆ ಮುಖಕ್ಕೆ ಕೂರುವುದಿಲ್ಲ, ಬಿಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೂ ಬೇಡ. ಹೊಸದು ತರುವುದಾದರೆ ಪಾಕೀಟಿನ ಮೇಲೆ ಐಎಸ್ 9473 ಎಂಬ ಐಎಸ್‌ಐ ಗುರುತು, ಎಫ್‌ಎಫ್‌ಪಿ 2 (ಹೆಚ್ಚುಕಡಿಮೆ ಎನ್95ಗೆ ಸಮ) ಎಂದು ಬರೆದಿರುವುದು ನೋಡಿ ತನ್ನಿ. ಹಳೆಯದನ್ನು ತೋಟದ ಗುಂಡಿಗೆ ಎಸೆಯಬೇಡಿ, ಹೇಮಾವತಿಗೂ ಬಿಡಬೇಡಿ. ಅದು ಬಟ್ಟೆಯಂತೆ ಕಂಡರೂ ಪ್ಲಾಸ್ಟಿಕ್ಕು, ಕೊಳೆಯುವುದಿಲ್ಲ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳದಂತೆ ದಾರ ಕತ್ತರಿಸಿ. ಕಾಯಿಲೆ ಇದ್ದವರು ಹಾಕಿಕೊಂಡದ್ದಾದರೆ ಮೂರು ದಿನ ಕಾಗದದ ಚೀಲದಲ್ಲಿ ಬೇರೆಯಾಗಿ ಇಟ್ಟು, ಆಮೇಲೆ ಪಂಚಾಯಿತಿಯ ಕಸದ ಗಾಡಿಗೆ ಒಣ ಕಸದ ಜೊತೆ ಕೊಡಿ.